ಎಡಗೈ ಎಳೆದ ಗೆರೆ

ನಮ್ಮ ಮನೆಯವರು ತೀರಿಕೊಂಡ ಮೇಲೆ ಮಾಳಿಗೆಯ ರೆಕಾರ್ಡಿಂಗ್ ಕೋಣೆಯ ಬೀಗ ಮೊದಲು ತೆಗೆದದ್ದು ನಾನಲ್ಲ, ನನ್ನ ಮೈದುನ. ನಾನು ಅವನ ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದೆ. ಕಂಪ್ಯೂಟರಿಗೆ ಹೊದಿಸಿದ್ದ ಟವೆಲ್ಲಿನ ಮೇಲೆ ನೂಲಿನ ಧೂಳು ಬೆಳ್ಳಗೆ ಕೂತಿತ್ತು. ಬನಹಟ್ಟಿಯಲ್ಲಿ ಮಗ್ಗದ ಮೇಲೆ ಮನೆ ಕಟ್ಟಿಕೊಂಡವರ ಸಾಮಾನುಗಳಿಗೆಲ್ಲ ಈ ಧೂಳು ಇದ್ದದ್ದೇ. ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಬರುತ್ತದೆ.

ಅವತ್ತು ಬೀಗ ತೆಗೆಯಬೇಕಾದದ್ದು ಒಬ್ಬ ಹಾಡುಗಾರರಿಂದ. ಬೀಳಗಿ ಕಡೆಯವರು, ಬೀರೇಶ್ವರನ ಒಕ್ಕಲು, ಡೊಳ್ಳಿನ ಪದ ಹಾಡುವ ಮೇಳದ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಪುನರ್ವಸತಿ ಕೇಂದ್ರದಲ್ಲಿ ಮನೆ ಹಾಕಿಕೊಂಡಿದ್ದರು. ದೇವರಿಗೂ ಅಲ್ಲಿಯೇ ಹೊಸ ಗುಡಿ ಆಗಿತ್ತು. ಅವರು ಬಂದದ್ದು ನನ್ನನ್ನು ಮಾತಾಡಿಸಿಕೊಂಡು ಹೋಗಲಿಕ್ಕೆ ಎಂದು ತಿಳಿದು ಚಹಾ ಕೊಟ್ಟೆ. ಅವರ ಜೊತೆ ಜಮಖಂಡಿಯ ಒಬ್ಬ ಕೀಬೋರ್ಡ್ ಮಾಸ್ತರರೂ ಇದ್ದರು. ಅವರು ಯಾಕೆ ಬಂದಿದ್ದಾರೆ ಎಂದು ಮೊದಲಿಗೆ ಹೊಳೆಯಲಿಲ್ಲ.

ಕಾಕಾ ಕಪ್ಪನ್ನು ನೆಲಕ್ಕಿಟ್ಟು ಮೈದುನನ ಕಡೆ ತಿರುಗಿದರು.

“ಇಂಥಾ ಹೊತ್ತಿನ್ಯಾಗ ಕೇಳಬಾರದಪಾ. ಆದ್ರ ನಮ್ಮ ಪದಾ ಒಂದು ಇಲ್ಲೇ ಉಳದೈತಿ. ನಿಮ್ಮಣ್ಣ ಒಂದು ಸೀಡಿ ಮಾಡಿ ಕಳಿಸಿದ್ದ, ಹೆಂಗ ಆಗೇತಿ ಕೇಳ್ರಿ ಅಂತ. ಮನ್ಯಾಗ ಹಚ್ಚಿ ಕೇಳಿದ್ವಿ. ಪೆಟಗಿ, ಸನಾದಿ ಎಲ್ಲಾ ಬಂದು ನನ್ನ ತಲಿ ಮ್ಯಾಲ ಕುಂತಾವ. ನಾ ಏನ ಹಾಡೇನಿ ಅನ್ನೂದ ನನಗ ತಿಳೀವಲ್ದು.”

“ಸಪ್ಪಳಾ ಕಡಿಮಿ ಮಾಡಿದ್ರ ಆತಲ್ರಿ,” ಎಂದ ಮೈದುನ.

“ಮಾಡಾವ್ರು ಯಾರು?” ಎಂದರು ಮಾಸ್ತರರು. “ನೀವು ಕಾಕಾನ ದನಿ ಅಷ್ಟ ಕೊಡ್ರಿ. ವಾದ್ಯಾ ಎಲ್ಲಾ ತಗದು ನಾ ಹೊಸದಾಗಿ ಬಾರಸ್ತೀನಿ. ಇವತ್ತ ಸಂಜಿ ಮುಗಸ್ತೀನಿ. ನಾಡದ್ದ ದೇವರನ್ನ ಹೊಸ ಗುಡಿಗಿ ಕರಕೊಂಡ ಹೋಗೂ ಮುಂದ ಇವರಿಗಿ ಮೈಕಿನ್ಯಾಗ ಹಚ್ಚಬೇಕಾಗೇತಿ.”

ವಾದ್ಯ ಎಲ್ಲಾ ತೆಗೆದು. ಮಾಸ್ತರರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರ ಕಸುಬಿನಲ್ಲಿ ಅದು ದಿನದ ಮಾತು. ಆದರೆ ಆ ಪದದ ಹಾರ್ಮೋನಿಯಂ ಪೆಟ್ಟಿಗೆ, ಶಹನಾಯಿಯಂಥ ಸನಾದಿ ಎರಡನ್ನೂ ಕೀಬೋರ್ಡಿನ ಮೇಲೆ ಬಾರಿಸಿದ್ದು ನಮ್ಮ ಮನೆಯವರು; ಅವರು ಕೊನೆಯದಾಗಿ ಬಾರಿಸಿದ್ದು ಅದೇ. ಅದಾದ ಮೇಲೆ ಅವರು ಕೀಬೋರ್ಡಿನ ಮುಂದೆ ಕೂರಲಿಲ್ಲ. ಎದೆ ಹಿಡಿಯಿತು, ದವಾಖಾನೆಗೆ ಹೋದರು, ಮನೆಗೆ ತಂದರು. ಕಾಕಾನ ದನಿ ಜಮಖಂಡಿಗೆ ಹೋದರೆ ಪದ ಹೊಸ ಗುಡಿಯತನಕ ಹೋಗುತ್ತದೆ, ಊರೆಲ್ಲ ಕೇಳುತ್ತದೆ. ಇವರು ಬಾರಿಸಿದ್ದು ಮಾತ್ರ ಟವೆಲ್ ಹೊದ್ದುಕೊಂಡು ಮಾಳಿಗೆಯ ಕೋಣೆಯಲ್ಲೇ ಉಳಿಯುತ್ತದೆ.

ನಮ್ಮ ಮನೆಯವರು ಹೋದಾಗಿನಿಂದ ನಾನು ಬಂದವರ ಮುಂದೆ ಮಾತಾಡಿದ್ದು ಕಡಿಮೆ. ಜನರೂ ನನ್ನೊಂದಿಗೆ ಆಡಬೇಕಾದ್ದನ್ನು ಮೈದುನನೊಂದಿಗೆ ಆಡುತ್ತಿದ್ದರು. ಬಾಗಿಲ ಬಳಿ ನಿಂತಲ್ಲಿಂದಲೇ ಹೇಳಿದೆ.

“ನಾ ಒಮ್ಮಿ ನೋಡ್ತೀನ್ರಿ ಕಾಕಾ.”

ಮೂವರೂ ತಿರುಗಿದರು. ಮಾಸ್ತರರು ಮೆತ್ತಗೆ ನಕ್ಕರು. “ಅಕ್ಕಾರ, ಅದು ರೊಟ್ಟಿ ಬಡದಂಗಲ್ರಿ.”

“ನಿನಗ ರೊಟ್ಟಿ ಬಡಿಯಾಕ ಬರತೈತೇನ್ಲೇ?” ಎಂದರು ಕಾಕಾ. ಆಮೇಲೆ ನನ್ನ ಕಡೆ ನೋಡಿದರು. “ನೋಡು ತಂಗೆವ್ವಾ. ಊಟದ ಹೊತ್ತಿನ ಮಟಾ ಕುಂಡರ್ತೀನಿ. ಅದರ ಮ್ಯಾಲ ಬಸ್ ತಪ್ಪತೈತಿ. ಆಗಲಿಲ್ಲಂದ್ರ ನನ್ನ ದನಿ ನನಗ ಕೊಟ್ಟ ಬಿಡು.”

ನನಗೆ ಆ ಕೆಲಸ ಬರುತ್ತಿತ್ತು ಎಂದಲ್ಲ. ನಾನು ಪಿಯುಸಿಗೆ ಬಿಟ್ಟವಳು. ಕಂಪ್ಯೂಟರ್ ಕಲಿತದ್ದು ಆ ಕೋಣೆಯಲ್ಲಿ, ನಮ್ಮ ಮನೆಯವರ ಪಕ್ಕದ ಸ್ಟೂಲಿನ ಮೇಲೆ. ಅವರ ಎರಡೂ ಕೈ ಕೀಬೋರ್ಡಿನಲ್ಲಿ ಇರುತ್ತಿದ್ದವು. ಹೀಗಾಗಿ ಮೌಸ್ ನನ್ನ ಕೈಯಲ್ಲಿ. ಅವರು “ಹೂಂ” ಅಂದರೆ ರೆಕಾರ್ಡ್ ಒತ್ತಬೇಕು, ಗದ್ದ ಎತ್ತಿದರೆ ನಿಲ್ಲಿಸಬೇಕು. ನಡುವೆ ಸೇವ್ ಮಾಡುವುದು. ಅಷ್ಟೇ ನನ್ನ ಪಾಲಿನದು. ತೆರೆಯ ಮೇಲೆ ಸ್ವರಗಳು ಸಣ್ಣ ಪಟ್ಟಿಗಳ ಹಾಗೆ ಒಂದರ ಹಿಂದೊಂದು ಕೂರುವುದನ್ನು ನೋಡುತ್ತಿದ್ದೆ. ಒಮ್ಮೆ ಕೇಳಿದ್ದೆ, ಇಷ್ಟು ಸಪ್ಪಳ ಇಷ್ಟು ಸಣ್ಣ ಫೈಲಿನಲ್ಲಿ ಹೇಗೆ ಹಿಡಿಯುತ್ತದೆ ಎಂದು.

“ಇದರಾಗ ಸಪ್ಪಳ ಎಲ್ಲೈತಿ?” ಎಂದಿದ್ದರು. “ಮಿಡಿ ಅಂತಾರ ಇದಕ್ಕ. ಇದರಾಗ ನನ್ನ ಬೆರಳ ಅಷ್ಟ ಅದಾವ. ಯಾವ ಸ್ವರಾ ಒತ್ತೀನಿ, ಎಷ್ಟ ಜೋರ್ ಒತ್ತೀನಿ, ಯಾವಾಗ ಬಿಟ್ಟೀನಿ. ಸನಾದಿ ಊದೂದು, ಪೆಟಗಿ ನುಡಿಸೂದು ಎಲ್ಲಾ ಕಂಪ್ಯೂಟರ್ ಆಮ್ಯಾಲ ಮಾಡತೈತಿ.”

ಆಗ ಅದು ಸುಮ್ಮನೆ ಕೇಳಿದ ಮಾತು. ಅವತ್ತು ಮೈದುನ ಬೀಗ ತೆಗೆದು, ಎಲ್ಲರೂ ಒಳಗೆ ಬಂದು, ನಾನು ಟವೆಲ್ ತೆಗೆಯುವಾಗ ಅದೇ ಮಾತು ನೆನಪಾಯಿತು.

ಕೆಳಗೆ ಕರೆಂಟಿನ ಮಗ್ಗ ನಡೆಯುವಾಗ ಏನೂ ತಿಳಿಯುವ ಹಾಗಿರಲಿಲ್ಲ. ಮೈದುನನಿಗೆ ನಿಲ್ಲಿಸಲು ಹೇಳಿದೆ. ಅವನು ಕಿಟಕಿಯಿಂದ ಬೀದಿ ನೋಡಿದ. ವ್ಯಾಪಾರಿಯ ಟೆಂಪೋ ಮಧ್ಯಾಹ್ನ ಬರುವುದಿತ್ತು, ಸೀರೆ ಇನ್ನೂ ಮಗ್ಗದ ಮೇಲಿದ್ದವು.

“ಕಾಕಾ ಹೋಗೂತನಕಾ ಬಂದ್ ಇಡ್ತೀನಿ ವೈನಿ. ಆಮ್ಯಾಲ ಒಂದು ಮಿನಿಟ್ ಆಗೂದಿಲ್ಲ,” ಎಂದು ಇಳಿದು ಹೋದ.

ಮಗ್ಗಗಳು ಒಂದೊಂದಾಗಿ ನಿಂತವು. ನಮ್ಮೂರಿನಲ್ಲಿ ಮಲಗಿದವರಿಗೆ ಎಚ್ಚರವಾಗುವುದು ಸಪ್ಪಳವಾದರೆ ಅಲ್ಲ, ಸಪ್ಪಳ ನಿಂತರೆ. ಆ ಮೌನದಲ್ಲಿ ಪದ ಹಚ್ಚಿದೆ. ಕಾಕಾ ಹೇಳಿದ್ದು ಸುಳ್ಳಲ್ಲ. ಸನಾದಿ ಕಿವಿಗೆ ಹೊಡೆಯುತ್ತಿತ್ತು. ಪೆಟ್ಟಿಗೆ ಅದರ ಬೆನ್ನಿಗೆ. ಕಾಕಾನ ದನಿ ಎಲ್ಲೋ ಕೆಳಗೆ, ತುಂಬಿದ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ ಕೂಗಿದ ಹಾಗೆ ಕೇಳುತ್ತಿತ್ತು.

ಏನಾಗಿದೆ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಲಿಲ್ಲ. ಕಾಕಾನ ದನಿಯನ್ನು, ಜೊತೆಗಿನ ಡೊಳ್ಳನ್ನು ಮಗ್ಗಗಳಿಗೆ ರಜೆ ಇದ್ದ ದಿನ ಹಿಡಿದಿದ್ದೆವು. ಉಳಿದ ವಾದ್ಯಗಳನ್ನು ನಮ್ಮ ಮನೆಯವರು ಆಮೇಲೆ ಬಾರಿಸಿದರು, ಕೆಲಸದ ದಿನ, ಕೆಳಗೆ ಎಲ್ಲ ಮಗ್ಗಗಳೂ ಓಡುವಾಗ. ಇಬ್ಬರ ಕಿವಿಗೂ ಹೆಡ್‌ಫೋನ್ ಇದ್ದರೂ ಆ ಸಪ್ಪಳ ನೆಲದಿಂದ, ಕಾಲಿನಿಂದ ಹತ್ತಿ ಬರುತ್ತದೆ. ಅದರ ಮೇಲೆ ತಮ್ಮದು ತಮಗೆ ಕೇಳಬೇಕೆಂದು ಅವರು ಏರಿಸಿದ್ದಾರೆ. ನನ್ನದೂ ಅದೇ ಕಿವಿ, ಪಕ್ಕದಲ್ಲಿ ಕೂತವಳಿಗೆ ಎಲ್ಲ ಸರಿಯಾಗಿಯೇ ಕೇಳಿತ್ತು. ಮುಧೋಳದ ನನ್ನ ತವರಿನವರು ಬಂದಾಗಲೆಲ್ಲ ನೀವು ಗಂಡ ಹೆಂಡತಿ ಯಾಕೆ ಯಾವಾಗಲೂ ಜಗಳಾಡುತ್ತೀರಿ ಎಂದು ಕೇಳುತ್ತಿದ್ದರು. ನಾವು ಉಪ್ಪು ಖಾರದ ಮಾತಾಡುತ್ತಿದ್ದೆವು. ಮಗ್ಗದ ಮೇಲೆ ಇರುವವರಿಗೆ ತಾವು ಕೂಗುತ್ತಿದ್ದೇವೆ ಎಂಬುದು ಗೊತ್ತಾಗುವುದಿಲ್ಲ.

ಸನಾದಿಯ ಟ್ರ್ಯಾಕ್ ತೆರೆದೆ. ಪಟ್ಟಿಗಳ ಕೆಳಗೆ ಪ್ರತಿ ಸ್ವರಕ್ಕೂ ಒಂದೊಂದು ಕಡ್ಡಿ ನಿಂತಿತ್ತು. ಜೋರಾಗಿ ಒತ್ತಿದ್ದಕ್ಕೆ ಉದ್ದ ಕಡ್ಡಿ, ಮೆತ್ತಗೆ ಒತ್ತಿದ್ದಕ್ಕೆ ಗಿಡ್ಡ. ಇದನ್ನೇ ಇಳಿಸಬೇಕು ಎಂದುಕೊಂಡು ಒಂದು ಸಾಲಿನ ಕಡ್ಡಿಗಳನ್ನು ಮೌಸಿನಿಂದ ಕೆಳಗೆ ಎಳೆದು ಕೇಳಿದೆ. ಸ್ವರ ಹುಟ್ಟುವುದು ಮೆತ್ತಗಾಯಿತು ನಿಜ. ಆದರೆ ಕಾಕಾ ಮಾತು ಎತ್ತಿಕೊಂಡಲ್ಲಿ ಸನಾದಿ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ. ಅಲ್ಲಿ ಹಾಡುಗಾರನ ದನಿ ಏಳುತ್ತ ಬೀಳುತ್ತ ಹೋದರೂ ಸನಾದಿ ಹಟ ಹಿಡಿದು ಒಂದೇ ಸಮ. ಒತ್ತಿದ್ದು ಒಮ್ಮೆ; ಒತ್ತಿದ ಮೇಲೆ ಆ ಕಡ್ಡಿ ನಡುವೆ ಬದಲಾಗುವುದಿಲ್ಲ. ಮೇಲಾಗಿ ಇಳಿಸಿದ ಕಡೆ ಸನಾದಿಯ ಬಣ್ಣವೇ ಹೋಗಿ, ಜ್ವರ ಬಂದವರು ಊದಿದ ಹಾಗೆ ಕೇಳಿತು.

“ಹಂಗ ಒಂದೊಂದ ಎಳಕೋಂತ ಕುಂತ್ರ ನಾಡದ್ದ ಅಲ್ಲ, ಮುಂದಿನ ಅಮಾಸಿ ಬರತೈತಿ,” ಎಂದು ಮಾಸ್ತರರು ನನ್ನ ಹೆಗಲ ಪಕ್ಕದಿಂದ ಬಗ್ಗಿದರು. “ಎಲ್ಲಾ ಹಿಡದು ಒಂದ ಅಳತಿಗಿ ತರಬೇಕ್ರಿ. ಸರೀರಿ.”

ನಾನು ಸರಿಯುವ ಮೊದಲೇ ಅವರು ಕೀಲಿ ಒತ್ತಿ ಎಲ್ಲ ಸ್ವರಗಳನ್ನೂ ಆರಿಸಿ ಏನೋ ಒಂದು ಸಂಖ್ಯೆ ಹಾಕಿಬಿಟ್ಟರು. ತೆರೆಯ ಮೇಲಿನ ಕಡ್ಡಿಗಳೆಲ್ಲ ಒಂದೇ ಎತ್ತರಕ್ಕೆ ಬಂದವು, ಕಟಾವು ಆದ ಹೊಲದಲ್ಲಿ ಕಬ್ಬಿನ ಕೂಳೆ ನಿಂತ ಹಾಗೆ.

ನಮ್ಮ ಮನೆಯವರ ಬೆರಳು ಎಲ್ಲಿ ಊರಿತ್ತು, ಎಲ್ಲಿ ಸುಮ್ಮನೆ ಮುಟ್ಟಿ ಹೋಗಿತ್ತು ಎಂಬುದು ಆ ಏರಿಳಿತದಲ್ಲಿ ಮಾತ್ರ ಇತ್ತು. ಬೇರೆಲ್ಲೂ ಇರಲಿಲ್ಲ. ಫೋಟೊದಲ್ಲಿ ಇರಲಿಲ್ಲ. ಮಾಸ್ತರರ ಕೈ ಸೇವ್ ಕಡೆ ಹೋಗುತ್ತಿತ್ತು. ನಾನು ಆ ಕೈಯನ್ನು ಹಿಡಿದುಬಿಟ್ಟೆ. ಪರ ಗಂಡಸಿನ ಕೈ ಎಂಬುದು ಆಮೇಲೆ ನೆನಪಾಯಿತು.

“ಬಿಡ್ರಿ. ದೂರ ಸರೀರಿ.”

ಕಂಟ್ರೋಲ್ ಜೆಡ್ ಒತ್ತಿದೆ. ಕಡ್ಡಿಗಳು ಎದ್ದು ನಿಂತವು. ಗಿಡ್ಡವು ಗಿಡ್ಡ, ಉದ್ದವು ಉದ್ದ. ನಾನು ಎಳೆದು ಕೆಡಿಸಿದ್ದವೂ ಹಿಂದಕ್ಕೆ ಹೋಗಲಿ ಎಂದು ಮತ್ತೆ ಮತ್ತೆ ಒತ್ತಿದೆ. ಮೊದಲಿನ ಹಾಗೆ ಆದ ಮೇಲೆ ಆ ಪದದ ಇನ್ನೊಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಟ್ಟೆ. ಮೂಲವನ್ನು ಮುಟ್ಟುವುದಿಲ್ಲ ಎಂದುಕೊಂಡೆ.

“ನಾ ಛಲೋ ಮಾಡಾಕ ಹೋಗಿದ್ದೆರೀ ಅಕ್ಕಾರ,” ಎಂದರು ಮಾಸ್ತರರು. ಅವರ ಮುಖ ಸಣ್ಣದಾಗಿತ್ತು.

“ಗೊತ್ತೈತ್ರಿ. ಆದ್ರ ಮುಟ್ಟಬ್ಯಾಡ್ರಿ.”

ಕಾಕಾ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು.

ಕಡ್ಡಿಗಳಿಂದ ಆಗುವ ಕೆಲಸವಲ್ಲ ಅದು. ಒತ್ತಿದ ಮೇಲೂ ಸಪ್ಪಳವನ್ನು ಏರಿಸಿ ಇಳಿಸುವುದು ಬೇರೆ ಏನೋ ಇರಲೇಬೇಕು. ನಮ್ಮ ಮನೆಯವರು ಬಾರಿಸುವುದನ್ನು ಕಣ್ಣ ಮುಂದೆ ತಂದುಕೊಂಡೆ. ಬಲಗೈ ಸ್ವರಗಳ ಮೇಲೆ. ಎಡಗೈ? ಎಡಗೈ ಕೀಬೋರ್ಡಿನ ಮೂಲೆಯಲ್ಲಿದ್ದ ಒಂದು ಗುಂಡಿಯ ಮೇಲೆ, ಅದನ್ನು ಮುಂದೆ ಹಿಂದೆ ಜಾರಿಸುತ್ತ ಇರುತ್ತಿತ್ತು. ಸನಾದಿ ಬಾರಿಸುವಾಗ ಆ ಗುಂಡಿ ಬಿಡುತ್ತಿರಲಿಲ್ಲ. ಅದು ಸಪ್ಪಳದ ಗುಂಡಿ. ಹಾಗಾದರೆ ಅದು ಜಾರಿದ್ದೂ ಇದರಲ್ಲಿ ಇರಬೇಕು.

ಕಡ್ಡಿಗಳ ಪಕ್ಕದಲ್ಲಿ ಒಂದು ಸಣ್ಣ ಬಾಣದ ಗುರುತು ಇತ್ತು. ಒತ್ತಿದೆ. ಪಟ್ಟಿ ಬಿಚ್ಚಿಕೊಂಡಿತು. ಅದರಲ್ಲಿ ವಾಲ್ಯೂಮ್ ಎಂದು ಇದ್ದುದನ್ನು ಆರಿಸಿದೆ. ಕಡ್ಡಿಗಳು ಮರೆಯಾಗಿ ಅಲ್ಲಿ ಒಂದು ಗೆರೆ ಬಂತು.

ಅದು ಅವರ ಎಡಗೈ. ಪದದ ಮೊದಲಿಂದ ಗೆರೆ ನಿಧಾನವಾಗಿ ಏರಿಕೊಂಡು ಹೋಗಿತ್ತು. ಸ್ವಲ್ಪ ಇಳಿಯುವುದು, ಮತ್ತೆ ಇನ್ನೂ ಮೇಲೆ ಹೋಗುವುದು. ಕೇಳಲಿಲ್ಲ, ಏರಿಸಿದರು, ಸಾಲಲಿಲ್ಲ, ಮತ್ತೆ ಏರಿಸಿದರು. ಕೆಳಗಿನ ಮಗ್ಗದ ಜೊತೆ ಗುದ್ದಾಡಿದ್ದು ಅಲ್ಲಿ ಹಾಗೆಯೇ ಇತ್ತು. ಪದ ಮುಗಿಯುವಲ್ಲಿ ಮಾತ್ರ ಸನಾದಿ ದೂರವಾದ ಹಾಗೆ ಕೇಳಲಿ ಎಂದು ಗುಂಡಿಯನ್ನು ಪೂರ್ತಿ ಹಿಂದಕ್ಕೆ ಎಳೆದಿದ್ದರು. ಗೆರೆ ತಳ ಸೇರಿತ್ತು.

ನಡುವೆ ಒಂದು ಕಡೆ ವಿಚಿತ್ರವಿತ್ತು. ಎರಡನೆಯ ನುಡಿಯ ಹತ್ತಿರ ಗೆರೆ ಕಡಿದು ಬಿದ್ದ ಹಾಗೆ ಒಮ್ಮೆಲೇ ಅರ್ಧಕ್ಕಿಂತ ಕೆಳಗೆ ಇಳಿದು, ಅಲ್ಲೇ ಸ್ವಲ್ಪ ದೂರ ಹೋಗಿ, ಮತ್ತೆ ಮೇಲೆ ಹತ್ತಿತ್ತು. ಅಲ್ಲಿಂದ ಹಚ್ಚಿ ಕೇಳಿದೆ. ಅಷ್ಟು ತುಣುಕಿನಲ್ಲಿ ಕಾಕಾನ ದನಿ ಮುಂದೆ ಬಂದು ನಿಂತಿತು. ಸನಾದಿ ಅದರ ಹಿಂದೆ, ಹೆಗಲ ಮೇಲೆ ಕೈ ಇಟ್ಟವರ ಹಾಗೆ; ಪೆಟ್ಟಿಗೆ ಅಷ್ಟು ಹೊತ್ತು ಇರಲಿಲ್ಲ. ಒಂದೊಂದು ಮಾತೂ ತಿಳಿಯಿತು.

ಕಾಕಾ ನೆಟ್ಟಗೆ ಕೂತರು. “ಇದು ನೋಡು! ಇಲ್ಲೆ ಮಾತ್ರ ಹೆಂಗ ಸರಿ ಆತು?”

ಇದು ನಮ್ಮ ಮನೆಯವರು ಎಳೆದ ಗೆರೆ ಎಂದು ಕಾಕಾನಿಗೆ ತೋರಿಸಿದೆ. ನನಗೆ ನೆನಪಾಗಿತ್ತು. ಅವರು ಇದನ್ನು ಬಾರಿಸುತ್ತಿದ್ದಾಗ ಕರೆಂಟಿನ ಒಂದು ಫೇಜ್ ಹೋಗಿತ್ತು. ಮಗ್ಗಗಳು ಮೂರೂ ಫೇಜ್ ಇಲ್ಲದಿದ್ದರೆ ಓಡುವುದಿಲ್ಲ, ಒಮ್ಮೆಲೇ ನಿಂತವು. ನಮ್ಮ ಕೋಣೆಗೆ ಬರುವ ಕರೆಂಟ್ ಹಾಗೇ ಇತ್ತು. ಅವರು ಬಾರಿಸುವುದನ್ನು ಬಿಡಲಿಲ್ಲ. ತಮ್ಮ ಸನಾದಿ ತಮಗೇ ಕೂಗಿದ ಹಾಗೆ ಕೇಳಿ ಹುಬ್ಬು ಏರಿಸಿ ಎಡಗೈ ಹಿಂದಕ್ಕೆ ಜಾರಿಸಿದ್ದನ್ನು ನಾನು ನೋಡಿದ್ದೆ. ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು, ಮಗ್ಗಗಳು ಹೊರಟವು, ಗುಂಡಿ ಮತ್ತೆ ಮುಂದಕ್ಕೆ ಹೋಯಿತು. ಪೂರ್ತಿ ಪದದಲ್ಲಿ ಅವರು ತಮ್ಮ ಕಿವಿಯಿಂದ ಕೇಳಿದ್ದು ಅಷ್ಟೇ ತುಣುಕು.

ಹಾಗಾದರೆ ಅಳತೆ ಅಲ್ಲಿಯೇ ಇತ್ತು. ನನ್ನ ಮನಸ್ಸಿಗೆ ಬಂದಷ್ಟು ಇಳಿಸುವುದಲ್ಲ, ಅವರು ಇಳಿಸಿದಷ್ಟಕ್ಕೆ ಎಲ್ಲವನ್ನೂ ತರುವುದು. ರಬ್ಬರಿನ ಗುರುತು ಹಿಡಿದು ಅವರ ಏರು ಗೆರೆಯನ್ನು ಪದದ ಮೊದಲಿಂದ ಆ ತುಣುಕಿನತನಕ ಅಳಿಸಿದೆ. ಅಳಿಸುವಾಗ ನೋಡಲಾಗದೆ ಒಮ್ಮೆ ನಿಂತೆ. ಆಮೇಲೆ ಪೆನ್ಸಿಲ್ಲಿನ ಗುರುತು ಹಿಡಿದು ತುಣುಕಿನಿಂದ ಮುಂದಕ್ಕೆ ಅದೇ ಎತ್ತರದಲ್ಲಿ ಹೊಸ ಗೆರೆ ಎಳೆದೆ. ಕಾಕಾನ ದನಿ ಏಳುವಲ್ಲಿ ತುಸು ಮೇಲೆ, ಬೀಳುವಲ್ಲಿ ತುಸು ಕೆಳಗೆ. ಕೊನೆಯ ಇಳಿತವನ್ನು ಅವರು ಎಳೆದ ಹಾಗೆಯೇ ಬಿಟ್ಟೆ. ಅದೇ ಅಳತೆಗೆ ಪೆಟ್ಟಿಗೆಯ ಟ್ರ್ಯಾಕಿಗೂ ಹಾಗೆಯೇ ಮಾಡಿದೆ. ತುಣುಕಿನಿಂದ ಕೊನೆಯತನಕ ಕೇಳಿದೆ, ಸರಿಯಾಗಿತ್ತು. ಕಾಕಾನಿಗೆ ಕೇಳಿಸಲೆಂದು ಮೊದಲಿಂದ ಹಚ್ಚಿದೆ.

ಕಾಕಾನ ದನಿ ಬಂತು. ಡೊಳ್ಳು ಬಂತು. ಸನಾದಿ ಇಲ್ಲ, ಪೆಟ್ಟಿಗೆ ಇಲ್ಲ. ಸ್ವರದ ಪಟ್ಟಿಗಳ ಮೇಲೆ ಗುರುತು ಓಡುತ್ತಿತ್ತು, ಒಂದೂ ನುಡಿಯುತ್ತಿರಲಿಲ್ಲ.

“ಈಗ ನೋಡು, ನನ್ನ ಮಾತ ಚೊಕ್ಕ ತಿಳೀತೈತಿ!” ಎಂದರು ಕಾಕಾ. ನನ್ನ ಮುಖ ಕಂಡು ಅವರ ನಗು ಅಲ್ಲೇ ನಿಂತಿತು. “ಯಾಕವ್ವಾ? ಎಲ್ಲಿ ಹೋದ್ವು?”

ಮತ್ತೆ ಹಚ್ಚಿದೆ. ಮತ್ತೆ ಹಾಗೆಯೇ. ಮಾಸ್ತರರು ಗಡಿಯಾರ ನೋಡಿ ಕಾಕಾನಿಗೆ ಕಣ್ಣಿನಲ್ಲೇ ಏಳೋಣ ಎಂದದ್ದು ಕಾಣಿಸಿತು. ಕೆಳಗಿನಿಂದ ಮೈದುನ “ಆತೇನ್ರಿ?” ಎಂದು ಕೂಗಿದ. ನಮ್ಮ ಮನೆಯವರ ಕೈಯಿಂದ ಬಂದದ್ದನ್ನು ನನ್ನ ಕೈಯಿಂದಲೇ ಇಲ್ಲವಾಗಿಸಿದೆ ಎಂದುಕೊಂಡೆ. ಮೂಲ ಪ್ರತಿ ಇದೆ ಎಂಬುದು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ.

ಕಡ್ಡಿಗಳನ್ನಾದರೂ ನೋಡೋಣ ಎಂದು ತೆರೆದೆ. ಇದ್ದವು. ಎಲ್ಲವೂ ಇದ್ದವು. ಬೆರಳು ಇದೆ, ಸಪ್ಪಳ ಇಲ್ಲ. ಗೆರೆಗೆ ವಾಪಸ್ ಬಂದೆ. ತುಣುಕಿನಿಂದ ಕೊನೆಯತನಕ ಗೆರೆ ಇತ್ತು. ಮೊದಲಿಗೆ ಖಾಲಿ, ಅಲ್ಲಿಯದನ್ನು ನಾನು ಅಳಿಸಿದ್ದೆ, ಬೇರೆ ಏನೂ ಇಟ್ಟಿರಲಿಲ್ಲ. ಆಗ ತಿಳಿಯಿತು. ಇಷ್ಟು ಸಪ್ಪಳ ಇರಲಿ ಎಂದು ಒಮ್ಮೆ ಹೇಳಿದರೆ, ಬೇರೆ ಹೇಳುವತನಕ ಆ ವಾದ್ಯ ಅಷ್ಟರಲ್ಲೇ ಇರುತ್ತದೆ. ಪದದ ಕೊನೆಯಲ್ಲಿ ಅವರ ಕೈ ಪೂರ್ತಿ ಇಳಿಸಿತ್ತು. ಏರು ಎಂದು ಮೊದಲಿಗೆ ಯಾರೂ ಹೇಳದ್ದಕ್ಕೆ ಸನಾದಿ ಆ ತಳದಲ್ಲೇ ಕೂತು ಬಾಯಿ ಮುಚ್ಚಿಕೊಂಡು ಊದುತ್ತಿತ್ತು.

ಪದ ಶುರುವಾಗುವ ಜಾಗದಲ್ಲಿ, ತುಣುಕಿನ ಎತ್ತರಕ್ಕೇ, ಒಂದು ಚುಕ್ಕೆ ಇಟ್ಟೆ. ಪೆಟ್ಟಿಗೆಗೂ ಒಂದು ಇಟ್ಟೆ. ಹಚ್ಚಿದೆ.

ಸನಾದಿ ಬಂತು. ನಾನು ಸ್ಟೂಲಿನ ಅಂಚನ್ನು ಹಿಡಿದು ಕೂತೆ. ಕಾಕಾ ಒಂದು ಅಂಗೈಯನ್ನು ಕಿವಿಯ ಹಿಂದೆ ಇಟ್ಟು, ಹಾಡುವಾಗ ಕೂರುವ ಹಾಗೆಯೇ ಕಣ್ಣು ಮುಚ್ಚಿ ಕೇಳಿದರು. ಎಲೆ ಅಡಿಕೆ ಬಾಯಲ್ಲೇ ಇತ್ತು, ಅಗಿಯಲಿಲ್ಲ. ಮೊದಲ ನುಡಿ ಹೋಯಿತು. ಎರಡನೆಯದು ಹೋಯಿತು. ಮೂರನೆಯ ನುಡಿಯ ಕೊನೆಗೆ ಕೈ ಎತ್ತಿದರು.

“ನಿಲ್ಸು.”

ನಿಲ್ಲಿಸಿದೆ. ಮಾಸ್ತರರು ತಮ್ಮ ಚೀಲ ಎತ್ತಿಕೊಂಡರು.

“ಇಲ್ಲಿ ಯಾಕ ನಿನ್ನ ಗಂಡನ್ನ ಇಷ್ಟ ಕೆಳಗ ಹಾಕಿದಿ?” ಎಂದರು ಕಾಕಾ.

“ನಿಮ್ಮ ಮಾತ ತಿಳೀಲಂತರೀ.”

“ಇಲ್ಲಿ ನನ್ನ ಮಾತ ಎಲ್ಲೈತಿ? ನಾ ಸವಾಲು ಕೇಳಿ ಬಿಟ್ಟೀನಿ. ಮ್ಯಾಳದಾಗ ಒಬ್ಬ ಕೇಳಿದ್ರ ಎದುರಿನಾಂವ ಎದ್ದು ಉತ್ತರಾ ಕೊಡಬೇಕು. ಆ ದಿನಾ ನನ್ನ ಎದುರಿಗಿ ಯಾರೂ ಇರಲಿಲ್ಲ. ನೀವು ಜಾಗಾ ಬಿಟ್ಟ ಬಿಡ್ರಿ, ನಾ ಸನಾದಿ ಮ್ಯಾಲ ಉತ್ತರಾ ಕೊಡ್ತೀನಿ ಅಂದಿದ್ದ. ಕೊಟ್ಟಾನ. ಅದನ್ನ ನೀ ಗುಸುಗುಸು ಮಾಡೀದಿ. ಗುಸುಗುಸು ಉತ್ತರಾ ಕೊಟ್ಟಾಂವ ಮ್ಯಾಳದಾಗ ಸೋತಂಗ ಲೆಕ್ಕ. ಏರಸು.”

ನಾನು ಗೆರೆ ಮೇಲೆ ಎಳೆದೆ.

“ಇನ್ನಾ.”

ಇನ್ನೂ ಎಳೆದೆ. ಕಾಕಾನ ದನಿ ನಿಂತ ಕಡೆ ಸನಾದಿ ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿ, ಕಾಕಾ ಮತ್ತೆ ಎತ್ತಿಕೊಳ್ಳುವಷ್ಟರಲ್ಲಿ ಹಿಂದೆ ಸರಿಯಿತು. ಪೂರ್ತಿ ಕೇಳಿದ ಮೇಲೆ ಕಾಕಾ ಎದ್ದು ನಿಂತರು.

“ನಿನ್ನ ವಾದ್ಯಾ ಬ್ಯಾರೆ ಪದಕ್ಕ ಹಚ್ಚತೀನಿ ತಗೋ,” ಎಂದು ಮಾಸ್ತರರಿಗೆ ಹೇಳಿ, ನನಗೆ, “ಸೀಡಿ ಮಾಡಿ ಕೊಡವ್ವಾ,” ಎಂದರು.

ಮಾಸ್ತರರು ಹೋಗುವಾಗ ಬಾಗಿಲಲ್ಲಿ ನಿಂತು, ಆ ಮೊದಲಿನ ಚುಕ್ಕೆ ಇಡುವುದನ್ನು ತಾವೂ ಎಷ್ಟೋ ಸಲ ಮರೆತಿರುವುದಾಗಿ ಹೇಳಿದರು. ಸಮಾಧಾನಕ್ಕೆ ಹೇಳಿದರೋ ನಿಜವೋ ಗೊತ್ತಿಲ್ಲ.

ಅವರು ಬಸ್ಸಿಗೆ ಹೋದ ಮೇಲೂ ಮಗ್ಗ ಶುರುವಾಗಲಿಲ್ಲ. ಮೈದುನ ಮೇಲೆ ಬಂದು, ನಾನು ಕೂತಿದ್ದ ಸ್ಟೂಲಿನ ಹಿಂದೆ ನಿಂತ. ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿದ್ದನಂತೆ.

“ಅಣ್ಣ ಎಳದ ಗೆರಿ ಅಂದ್ರಲ್ಲ ವೈನಿ. ಅದನ್ನ ನನಗೂ ಒಮ್ಮಿ ತೋರಸ್ರಿ.”

ಮೂಲ ಪ್ರತಿ ತೆರೆದು ತೋರಿಸಿದೆ. ಗೆರೆ ಕಡಿದು ಬಿದ್ದಲ್ಲಿ ಬೆರಳಿಟ್ಟು, ಇಲ್ಲಿ ನಿನ್ನ ಮಗ್ಗ ನಿಂತಿದ್ದವು ಎಂದೆ. ಅವನು ತೆರೆಯ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದ.

“ಅವತ್ತ ಫೇಜ್ ಹೋಗಿದ್ದಕ್ಕ ಲೈನ್‌ಮನ್‌ಗ ನಾ ಬಾಯಿಗಿ ಬಂದಂಗ ಬೈದಿದ್ದೆರೀ,” ಎಂದ.

ಆ ತುಣುಕನ್ನು ಅವನಿಗಾಗಿ ಹಚ್ಚಿದೆ.